ಮರದಲ್ಲೇ ಉಳಿದ ಜೆಟ್: ಸೆಸ್ನಾ 407ರ ಮಾದರಿಯನ್ನು ಕಡೆದ ಅನುಭವ

ಅಮೆರಿಕದ ಕಾನ್ಸಾಸ್ ರಾಜ್ಯದ ವಿಚಿಟಾ ನಗರದಲ್ಲಿದ್ದ ಸೆಸ್ನಾ ಕಂಪನಿಯು 1959ರಲ್ಲಿ ನಾಲ್ಕು ಆಸನಗಳ, ಎರಡು ಜೆಟ್ ಎಂಜಿನ್‌ಗಳ ಒಂದು ಪುಟ್ಟ ವಿಮಾನವನ್ನು ಯೋಜಿಸಿ, ಅದರ ಪೂರ್ಣ ಗಾತ್ರದ ಮರದ ಪ್ರತಿಕೃತಿಯೊಂದನ್ನು ಸಿದ್ಧಪಡಿಸಿತು. ವ್ಯಾಪಾರಿಗಳೂ ಕಂಪನಿಗಳ ಅಧಿಕಾರಿಗಳೂ ಸ್ವಂತ ಕೆಲಸಕ್ಕೆ ಓಡಾಡಲು ಬಳಸಬಹುದಾದ ಆ ವಿಮಾನಕ್ಕೆ ಇಟ್ಟ ಹೆಸರು ಮಾದರಿ 407. ಕೊಳ್ಳುತ್ತೇವೆಂದು ಮುಂದೆ ಬಂದವರ ಸಂಖ್ಯೆ ಸಾಲದೆ ಹೋದುದರಿಂದ ಲೋಹದ ವಿಮಾನ ತಯಾರಾಗಲೇ ಇಲ್ಲ. ಆ ಮರದ ವಿಮಾನದ ಚಿಕ್ಕ ಮಾದರಿಯನ್ನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ನಮ್ಮ ಕನ್ನಡ ಮಾಧ್ಯಮ ಶಾಲೆಯ ಒಂಬತ್ತನೆಯ ತರಗತಿಯ ಇಬ್ಬರು ಮಕ್ಕಳೊಂದಿಗೆ (ಒಬ್ಬ ಹುಡುಗ, ಒಬ್ಬಳು ಹುಡುಗಿ) ನಾನು ಮಾಡಿಸಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಭೌತಶಾಸ್ತ್ರವನ್ನು ಕಲಿಸಿ ನಿವೃತ್ತನಾದವನು. ಕುಂಬಳೆ ಉಪಜಿಲ್ಲೆಯ ಶಾಸ್ತ್ರಮೇಳದ, ಅಂದರೆ ಶಾಲಾ ವಿಜ್ಞಾನ ಮೇಳದ, ಸ್ಥಿರ ಮಾದರಿ ವಿಭಾಗಕ್ಕೆ ಮಕ್ಕಳನ್ನು ಸಿದ್ಧಪಡಿಸಲು ಶಾಲೆಯವರು ಕರೆದಾಗ ಸಂತೋಷದಿಂದ ಒಪ್ಪಿಕೊಂಡಿದ್ದೆ.

ಹಾರಿದ ವಿಮಾನವನ್ನು ಬಿಟ್ಟು ಹಾರದೆ ಉಳಿದ ವಿಮಾನವನ್ನೇ ಏಕೆ ಆರಿಸಿಕೊಂಡಿರೆಂದು ಹಲವರು ಕೇಳಿದರು. ಹಾರಿದ ವಿಮಾನದ ಮಾದರಿಯನ್ನು ಮಾಡುವಾಗ ಮಕ್ಕಳು ಚಿತ್ರವನ್ನು ನೋಡಿ ನಕಲು ಮಾಡುತ್ತಾರೆ. ರೆಕ್ಕೆ ಅಲ್ಲಿ ಏಕಿದೆ, ಬಾಲ ಅಷ್ಟು ಎತ್ತರದಲ್ಲಿ ಏಕಿದೆ ಎಂದು ಕೇಳುವ ಪ್ರಸಂಗವೇ ಬರುವುದಿಲ್ಲ. ಕಟ್ಟದೆ ಬಿಟ್ಟ ವಿಮಾನದಲ್ಲಿ ಹಾಗಲ್ಲ. ತಿಳಿದಿರುವ ಕೆಲವು ಅಳತೆಗಳಿಂದ ಹೊರಟು, ಉಳಿದುದನ್ನು ಕಾರಣ ಹೇಳಿ ತುಂಬಬೇಕಾಗುತ್ತದೆ. ಹೀಗಾಗಿ ಮೊದಲ ದಿನವೇ ಒಂದು ನಿಯಮ ಮಾಡಿದೆವು: ದಾಖಲೆಯಿಂದ ಬಂದ ಗೆರೆಗಳನ್ನು ನೀಲಿ ಶಾಯಿಯಲ್ಲಿಯೂ, ನಾವು ತರ್ಕದಿಂದ ಸೇರಿಸಿದ ಗೆರೆಗಳನ್ನು ಕೆಂಪು ಶಾಯಿಯಲ್ಲಿಯೂ ಎಳೆಯಬೇಕು, ಮತ್ತು ಪ್ರತಿಯೊಂದು ಕೆಂಪು ಗೆರೆಗೂ ಪಕ್ಕದ ಪುಟದಲ್ಲಿ ಒಂದು ವಾಕ್ಯದ ಕಾರಣ ಇರಬೇಕು. ಕೆಲಸ ಮುಗಿಯುವವರೆಗೂ ಈ ನಿಯಮವನ್ನು ನಾವು ಸಡಿಲಿಸಲಿಲ್ಲ.

ನೀಲಿ ಗೆರೆಗಳಿಗೆ ಆಧಾರವಾಗಿ ನಿಂತದ್ದು ಟಿ-37 ಎಂಬ ತರಬೇತಿ ವಿಮಾನ. ಅಮೆರಿಕದ ವಾಯುಪಡೆಗಾಗಿ ಸೆಸ್ನಾ ತಯಾರಿಸಿದ ಈ ವಿಮಾನ 1954ರ ಅಕ್ಟೋಬರ್ 12ರಂದು ಮೊದಲ ಬಾರಿಗೆ ಹಾರಿತು. ಮುಂದೆ ಸಾವಿರದ ಇನ್ನೂರಕ್ಕೂ ಹೆಚ್ಚು ವಿಮಾನಗಳು ತಯಾರಾಗಿ, ಕೊನೆಯವು 2009ರವರೆಗೂ ಅಲ್ಲಿ ಸೇವೆಯಲ್ಲಿದ್ದವು. ಗುರುವೂ ಶಿಷ್ಯನೂ ಹಿಂದೆ ಮುಂದೆ ಕೂರದೆ ಅಕ್ಕಪಕ್ಕ ಕೂರುವಂತೆ ಅದನ್ನು ರೂಪಿಸಿದ್ದರಿಂದ ಅದರ ಒಡಲು ಸಹಜವಾಗಿಯೇ ಅಗಲವಾಗಿತ್ತು. ಇಬ್ಬರು ಕೂರುವಷ್ಟು ಅಗಲ ಇರುವಾಗ ಅವರ ಹಿಂದೆ ಇನ್ನಿಬ್ಬರಿಗೆ ಜಾಗ ಮಾಡಿದರೆ ಕಾರಿನಂತೆ ನಾಲ್ವರು ಪ್ರಯಾಣಿಸಬಹುದೆಂಬುದೇ 407ರ ಮೂಲ ಆಲೋಚನೆ. ಅದಕ್ಕಾಗಿ ಉದ್ದವನ್ನು ಎರಡು ಅಡಿ ಹೆಚ್ಚಿಸಿ, ಒಳಗಿನ ಗಾಳಿಯ ಒತ್ತಡವನ್ನು ಕಾಪಾಡುವ ಮುಚ್ಚಿದ ಕೋಣೆಯನ್ನು ಯೋಜಿಸಿದ್ದರು.

ಟಿ-37ರ ರೆಕ್ಕೆಯ ಒಟ್ಟು ಹರವು 10.3 ಮೀಟರ್, ಉದ್ದ 8.92 ಮೀಟರ್, ರೆಕ್ಕೆಯ ವಿಸ್ತೀರ್ಣ ಸುಮಾರು 17.1 ಚದರ ಮೀಟರ್. ನಾವು ಇಪ್ಪತ್ತನೆಯ ಒಂದು ಅಂಶದ ಪ್ರಮಾಣವನ್ನು ಆರಿಸಿಕೊಂಡೆವು. ಆಗ ರೆಕ್ಕೆ 51.5 ಸೆಂಟಿಮೀಟರ್ ಆಗುತ್ತದೆ. ಎರಡು ಅಡಿಯನ್ನು ಸೇರಿಸಿದ ಉದ್ದ 9.53 ಮೀಟರ್ ಆದ್ದರಿಂದ ಮಾದರಿಯ ಒಡಲು 47.6 ಸೆಂಟಿಮೀಟರ್ ಆಗುತ್ತದೆ. ಗ್ರಾಫ್ ಹಾಳೆಗಳನ್ನು ಅಂಟಿಸಿ, ಮೇಲಿನಿಂದ, ಬದಿಯಿಂದ, ಎದುರಿನಿಂದ ಕಾಣುವ ಮೂರು ನೋಟಗಳನ್ನು ಬರೆದೆವು. ಹುಡುಗಿಯ ಕೈ ಬಹಳ ನಿಖರ. ಬದಿಯ ನೋಟವನ್ನು ಪೂರ್ತಿಯಾಗಿ ಅವಳೇ ಬರೆದಳು.

ಮೊದಲ ಕೆಂಪು ಗೆರೆಯೇ ನಮ್ಮನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿತು. ಆ ಎರಡು ಅಡಿಯನ್ನು ಎಲ್ಲಿ ಸೇರಿಸಬೇಕು, ರೆಕ್ಕೆಯ ಮುಂದೆಯೋ ಹಿಂದೆಯೋ? ಒಡಲಿನ ಉದ್ದ ಹೆಚ್ಚಾಯಿತೆಂದರೆ ತೂಕದ ಕೇಂದ್ರ ಸರಿದು ಹೋಗುತ್ತದೆ, ಮತ್ತು ವಿಮಾನದ ತೂಕದ ಕೇಂದ್ರ ರೆಕ್ಕೆಯ ಅಗಲದ ಮುಂದಿನ ಕಾಲು ಭಾಗದ ಆಸುಪಾಸಿನಲ್ಲಿಯೇ ಇರಬೇಕು. ಮಕ್ಕಳು ಎಂಟನೆಯ ತರಗತಿಯಲ್ಲಿ ಕಲಿತ ಸನ್ನೆಗೋಲಿನ ಲೆಕ್ಕವೇ ಇಲ್ಲಿಗೆ ಸಾಕಾಯಿತು. ಮುಂದೆ ಕೂರುವ ಇಬ್ಬರ ತೂಕ 160 ಕಿಲೋ ಎಂದಿಟ್ಟುಕೊಂಡು, ಅವರನ್ನು 0.6 ಮೀಟರ್ ಮುಂದಕ್ಕೆ ಸರಿಸಿದರೆ ಮೂಗು ಕೆಳಗೆ ಬಾಗುವಂತೆ 96 ಕಿಲೋಗ್ರಾಂ ಮೀಟರ್‌ನಷ್ಟು ತಿರುಗುಬಲ ಹುಟ್ಟುತ್ತದೆ. ಹಿಂದಿನ ಇಬ್ಬರು ಕೇಂದ್ರದಿಂದ 0.6 ಮೀಟರ್ ಹಿಂದೆ ಕೂತರೆ ಅಷ್ಟೇ ತಿರುಗುಬಲ ಎದುರು ದಿಕ್ಕಿಗೆ ಹುಟ್ಟಿ ಸಮವಾಗುತ್ತದೆ. ಲೆಕ್ಕ ಸರಿಹೋಯಿತೆಂದು ಹುಡುಗನು ಸಂತೋಷಪಟ್ಟಾಗ ಹುಡುಗಿ ಕೇಳಿದ ಪ್ರಶ್ನೆಯನ್ನು ನಾನು ಮರೆಯಲಾರೆ: ಹಿಂದಿನ ಆಸನಗಳು ಖಾಲಿಯಾಗಿದ್ದ ದಿನ ಏನಾಗುತ್ತದೆ ಸರ್?

ಪುಟ್ಟ ವ್ಯಾಪಾರಿ ಜೆಟ್‌ನ ವಿನ್ಯಾಸದ ನಿಜವಾದ ಕಗ್ಗಂಟು ಈ ಪ್ರಶ್ನೆಯಲ್ಲಿಯೇ ಇದೆ. ತರಬೇತಿ ವಿಮಾನದಲ್ಲಿ ಪ್ರತಿಬಾರಿಯೂ ಹೆಚ್ಚು ಕಡಿಮೆ ಒಂದೇ ತೂಕ ಒಂದೇ ಜಾಗದಲ್ಲಿ ಕೂರುತ್ತದೆ. ಬಾಡಿಗೆಗೋ ಸ್ವಂತಕ್ಕೋ ಓಡುವ ವಿಮಾನದಲ್ಲಾದರೆ ಒಂದು ದಿನ ಚಾಲಕನೊಬ್ಬನೇ ಇರುತ್ತಾನೆ, ಇನ್ನೊಂದು ದಿನ ನಾಲ್ವರೂ ಪೆಟ್ಟಿಗೆಗಳೂ ಇರುತ್ತವೆ. ಎರಡು ಸ್ಥಿತಿಯಲ್ಲಿಯೂ ಅದು ಸಮತೋಲ ತಪ್ಪಬಾರದು. ಆದ್ದರಿಂದ ಬದಲಾಗುವ ತೂಕವನ್ನು ಕೇಂದ್ರಕ್ಕೆ ಆದಷ್ಟು ಹತ್ತಿರ ತರುವುದೇ ಜಾಣತನ. ನಾವು ಹಿಂದಿನ ಆಸನಗಳನ್ನು ರೆಕ್ಕೆಯ ಮುಖ್ಯ ತೊಲೆಯ ನೇರಕ್ಕೇ ತಂದು, ಅಂದರೆ ತೂಕದ ಕೇಂದ್ರದ ಮೇಲೆಯೇ ಕೂರಿಸಿ, ಹೆಚ್ಚಿನ ಉದ್ದದ ಬಹುಪಾಲನ್ನು ರೆಕ್ಕೆಯ ಮುಂದೆ ಕೊಟ್ಟು, ಬ್ಯಾಟರಿ ಮುಂತಾದ ಭಾರದ ಸಾಮಾನುಗಳನ್ನು ಹಿಂದಕ್ಕೆ ಸರಿಸಿದೆವು. ಕೆಂಪು ಶಾಯಿಯ ಈ ತೀರ್ಮಾನಕ್ಕೆ ಒಂದು ವಾಕ್ಯದ ಕಾರಣ ಸಾಲದೆ ಅರ್ಧ ಪುಟ ಬೇಕಾಯಿತು.

ಇನ್ನು ಮರದ ವಿಚಾರ. ನಮ್ಮೂರಿನ ಆಚಾರಿಯವರು ಹಾಲೆಮರವನ್ನು ಸೂಚಿಸಿದರು. ಆಟಿ ಅಮಾವಾಸ್ಯೆಯ ಬೆಳಗ್ಗೆ ನಮ್ಮ ಕಡೆಯವರು ಕೆತ್ತೆಯ ಕಷಾಯ ಕುಡಿಯುವ ಮರವೇ ಅದು. ಹಗುರ, ಮೆದು, ಉಳಿಗೆ ಸಲೀಸಾಗಿ ಬಗ್ಗುತ್ತದೆ, ಎಳೆ ಸಣ್ಣದಾದ್ದರಿಂದ ಉಜ್ಜಿದಾಗ ನುಣುಪು ಬರುತ್ತದೆ. ಹಲಸು ಗಟ್ಟಿಯಾದರೂ ಮಕ್ಕಳ ಕೈಗೆ ಕಷ್ಟ. ಮಳೆಗಾಲದ ಹಸಿಮರ ಒಣಗುವಾಗ ತಿರುಚಿಕೊಳ್ಳುತ್ತದೆಂದು ಹಲಗೆಯನ್ನು ಅವರು ಮೊದಲೇ ತಮ್ಮ ಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟು ಒಣಗಿಸಿದ್ದರು. ನಮ್ಮ ನಕ್ಷೆಯನ್ನು ನೋಡಿ ಅವರು ಹೇಳಿದ ಮೊದಲ ಮಾತು ರೆಕ್ಕೆಯ ಬಗೆಗೆ: “ಮಾಷ್ಟ್ರೇ, ಎಳೆ ರೆಕ್ಕೆಯ ಉದ್ದಕ್ಕೇ ಓಡಬೇಕು. ಎಡಕ್ಕೊಂದು ಬಲಕ್ಕೊಂದು ತುಂಡು ಮಾಡಿ ಅಂಟಿಸುವುದು ಬೇಡ. ಒಂದೇ ಹಲಗೆ ಈಚೆಯಿಂದ ಆಚೆಗೆ ಹೋಗಲಿ, ಒಡಲಿಗೆ ಕಚ್ಚು ಹಾಕಿ ಅದರ ಮೇಲೆ ಕೂರಿಸುವ.”

ನಿಜವಾದ ವಿಮಾನದಲ್ಲಿಯೂ ನಡೆಯುವುದು ಇದೇ. ರೆಕ್ಕೆಯನ್ನು ಬಾಗಿಸುವ ಬಲ ಬುಡದಲ್ಲಿ ಅತ್ಯಂತ ಹೆಚ್ಚಾಗಿರುವುದರಿಂದ ಮುಖ್ಯ ತೊಲೆ ಒಂದು ಬದಿಯಿಂದ ಇನ್ನೊಂದು ಬದಿಗೆ ಹಾಯುತ್ತದೆ, ಬುಡದಲ್ಲಿ ರೆಕ್ಕೆ ದಪ್ಪವಾಗಿರುತ್ತದೆ. ಟಿ-37ರ ರೆಕ್ಕೆಯ ಸೀಳುನೋಟ ಬುಡದಲ್ಲಿ ನಾಕಾ 2418, ತುದಿಯಲ್ಲಿ ನಾಕಾ 2412. ನಾಕಾ ಎಂಬುದು ರೆಕ್ಕೆಯ ಆಕಾರಗಳಿಗೆ ಹೀಗೆ ಸಂಖ್ಯೆ ಕೊಟ್ಟ ಅಮೆರಿಕದ ಹಳೆಯ ವಿಮಾನ ಸಂಶೋಧನಾ ಸಂಸ್ಥೆ. ಕೊನೆಯ ಎರಡು ಅಂಕಿಗಳು ರೆಕ್ಕೆಯ ಅಗಲದ ನೂರಕ್ಕೆಷ್ಟು ದಪ್ಪವೆಂಬುದನ್ನು ಹೇಳುತ್ತವೆ. ಬುಡದಲ್ಲಿ ನೂರಕ್ಕೆ ಹದಿನೆಂಟು, ತುದಿಯಲ್ಲಿ ಹನ್ನೆರಡು. ಈ ಎರಡು ಆಕಾರಗಳನ್ನು ರಟ್ಟಿನಲ್ಲಿ ಕತ್ತರಿಸಿ ಅಚ್ಚು ಮಾಡಿಕೊಟ್ಟೆ. ಆಚಾರಿಯವರು ಕೀಸುಳಿಯಿಂದ ಒರಟಾಗಿ ಇಳಿಸಿಕೊಟ್ಟ ಹಲಗೆಯನ್ನು ಮಕ್ಕಳು ಅರದಿಂದಲೂ ಸ್ಯಾಂಡ್‌ಪೇಪರಿನಿಂದಲೂ ಉಜ್ಜುತ್ತ, ಅಚ್ಚನ್ನು ಹಿಡಿದು ಬೆಳಕು ನುಸುಳುತ್ತದೆಯೇ ಎಂದು ನೋಡುತ್ತ ಆಕಾರಕ್ಕೆ ತಂದರು. ಈ ಹಂತ ಬೇಸರ ತರಿಸುವಂಥದು. ಆದರೆ ರೆಕ್ಕೆಯ ಮೇಲ್ಮೈಯ ಉಬ್ಬು ಬುಡದಿಂದ ತುದಿಗೆ ಹೇಗೆ ಕ್ರಮವಾಗಿ ಕರಗುತ್ತದೆ ಎಂಬುದು ಬೆರಳಿಗೆ ತಿಳಿಯುವುದು ಇಲ್ಲಿ ಮಾತ್ರ.

ಎಂಜಿನ್‌ಗಳ ಜಾಗವನ್ನು ಕೊರೆಯುವಾಗ ಮಕ್ಕಳಿಗೆ ಒಂದು ಸಂಗತಿ ವಿಚಿತ್ರವಾಗಿ ಕಂಡಿತು. ಇಂದಿನ ವ್ಯಾಪಾರಿ ಜೆಟ್‌ಗಳ ಚಿತ್ರಗಳಲ್ಲಿ ಎಂಜಿನ್‌ಗಳು ಬಾಲದ ಬಳಿ ಒಡಲಿನ ಎರಡು ಬದಿಗೆ ಅಂಟಿಕೊಂಡಿರುತ್ತವೆ. ಇಲ್ಲಿಯಾದರೋ ಅವು ರೆಕ್ಕೆಯ ಬುಡದೊಳಗೇ ಹುದುಗಿವೆ. ಫ್ರಾನ್ಸಿನ ಟರ್ಬೊಮೆಕಾ ಕಂಪನಿಯ ಮಾರ್ಬೊರೆ ಎಂಜಿನ್ನನ್ನು ಅಮೆರಿಕದ ಕಾಂಟಿನೆಂಟಲ್ ಕಂಪನಿ ಪರವಾನಗಿ ಪಡೆದು ಜೆ69 ಎಂಬ ಹೆಸರಿನಲ್ಲಿ ತಯಾರಿಸುತ್ತಿತ್ತು. ಟಿ-37ಕ್ಕೆ ಹಾಕಿದ್ದು ಅದನ್ನೇ. ಅದರ ವ್ಯಾಸ ಅರ್ಧ ಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಆದ್ದರಿಂದ ರೆಕ್ಕೆಯ ಬುಡದಲ್ಲಿ ಅಡಗಿಸಲು ಸಾಧ್ಯವಾಯಿತು. ಎರಡೂ ಎಂಜಿನ್‌ಗಳು ನಡುಗೆರೆಗೆ ಹತ್ತಿರ ಇರುವುದರಿಂದ ಒಂದು ನಿಂತುಹೋದರೂ ವಿಮಾನದ ಮೂಗು ಹೆಚ್ಚು ಒಂದು ಕಡೆಗೆ ತಿರುಗುವುದಿಲ್ಲ. ಕಲಿಯುವವರಿಗೆ ಇದು ದೊಡ್ಡ ಅನುಕೂಲ. ಬಿಸಿಗಾಳಿ ಬಾಲಕ್ಕೆ ತಾಗಬಾರದೆಂದು ಅಡ್ಡಬಾಲವನ್ನು ನಿಲುಬಾಲದ ಮೇಲೆ ಸ್ವಲ್ಪ ಎತ್ತರಕ್ಕೆ ಏರಿಸಿದ್ದಾರೆ. ಗಾಳಿ ಸೆಳೆಯುವ ಬಾಯಿ ನೆಲಕ್ಕೆ ಹತ್ತಿರವಾದ್ದರಿಂದ ಕಲ್ಲು ಕಸ ಒಳಗೆ ಹೋಗದಂತೆ, ಚಕ್ರಗಳು ಕೆಳಗಿಳಿದಾಗ ಬಾಯಿಗೆ ಅಡ್ಡವಾಗಿ ಬಂದು ನಿಲ್ಲುವ ಜಾಲರಿಗಳನ್ನು ಟಿ-37ಕ್ಕೆ ಜೋಡಿಸಿದ್ದರು. ಚಕ್ರ ಇಳಿಸಿದ ಸ್ಥಿತಿಯ ಮಾದರಿಯಾದ್ದರಿಂದ ಹುಡುಗನು ಟೀ ಸೋಸುವ ಹಳೆಯ ಜರಡಿಯ ತಂತಿಬಲೆಯನ್ನು ಕತ್ತರಿಸಿ ಆ ಜಾಲರಿಗಳನ್ನೂ ಕೂರಿಸಿದನು.

ಅನುಕೂಲಗಳ ಪಕ್ಕದಲ್ಲಿಯೇ ಅನನುಕೂಲಗಳನ್ನೂ ಬರೆಸಿದೆ. ಟಿ-37ರ ಎಂಜಿನ್ನಿನ ಕೂಗು ಎಷ್ಟು ಕರ್ಕಶವಾಗಿತ್ತೆಂದರೆ ಅದನ್ನು ಆರು ಸಾವಿರ ಪೌಂಡ್ ತೂಕದ ನಾಯಿಸೀಟಿ (ನಾಯಿಯನ್ನು ಕರೆಯಲು ಊದುವ ಕೀರಲು ಸೀಟಿ) ಎಂದು ಅಲ್ಲಿನ ವೈಮಾನಿಕರು ಕರೆಯುತ್ತಿದ್ದರು. ಶಿರಸ್ತ್ರಾಣ ಧರಿಸಿದ ಸೈನಿಕ ಅದನ್ನು ಸಹಿಸುತ್ತಾನೆ. ದುಡ್ಡು ಕೊಟ್ಟು ಕೊಂಡು ದಾರಿಯಲ್ಲಿ ಮಾತುಕತೆ ನಡೆಸಬೇಕಾದ ವ್ಯಾಪಾರಿಯು ಹಿಂದಿನ ಆಸನದಲ್ಲಿ, ಎರಡು ಎಂಜಿನ್‌ಗಳ ನಡುವೆ, ಹೇಗೆ ಕೂತಾನು? 1963ರ ಅಕ್ಟೋಬರ್ 7ರಂದು ಮೊದಲು ಹಾರಿದ ವ್ಯಾಪಾರಿ ಜೆಟ್ ಲಿಯರ್‌ಜೆಟ್ 23ರಲ್ಲಿ ಎಂಜಿನ್‌ಗಳು ಒಡಲಿನ ಹಿಂಭಾಗಕ್ಕೆ ಹೋದುದರ ಮಹತ್ವ ಮಕ್ಕಳಿಗೆ ಇಲ್ಲಿ ಸ್ಪಷ್ಟವಾಯಿತು. ಸದ್ದು ಹಿಂದೆ ಉಳಿಯುತ್ತದೆ, ಗಾಳಿಬಾಯಿ ನೆಲದಿಂದ ಎತ್ತರಕ್ಕೆ ಏರುತ್ತದೆ, ರೆಕ್ಕೆ ನಿರಾತಂಕವಾಗಿ ತನ್ನ ಕೆಲಸ ಮಾಡುತ್ತದೆ.

ಕಿಟಕಿಗಳ ಗಾತ್ರವನ್ನು ಗೊತ್ತುಮಾಡಿದ ದಿನ ನನಗೆ ಅತ್ಯಂತ ಪ್ರಿಯವಾದ ಪಾಠ ನಡೆಯಿತು. ಟಿ-37ರಲ್ಲಿ ಒಳಗಿನ ಗಾಳಿಯ ಒತ್ತಡವನ್ನು ಕಾಪಾಡುವ ಏರ್ಪಾಡು ಇರಲಿಲ್ಲ, ಆದ್ದರಿಂದ ಅದನ್ನು 25,000 ಅಡಿಗಿಂತ ಎತ್ತರಕ್ಕೆ ಒಯ್ಯುತ್ತಿರಲಿಲ್ಲ. ಜೆಟ್ ಎಂಜಿನ್ ಎತ್ತರದಲ್ಲಿ ಹಾರಿದಾಗಲೇ ಕಡಿಮೆ ಇಂಧನದಲ್ಲಿ ದೂರ ಕ್ರಮಿಸುತ್ತದೆ; ಎತ್ತರಕ್ಕೆ ಹೋಗಬೇಕಾದರೆ ಒಳಗಿನವರಿಗೆ ಉಸಿರಾಡುವಷ್ಟು ದಟ್ಟ ಗಾಳಿ ಬೇಕು. ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಹೊರಗಿನ ಒತ್ತಡ ಸುಮಾರು 19 ಕಿಲೋಪಾಸ್ಕಲ್. ಒಳಗೆ 2,400 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟು, ಅಂದರೆ ಸುಮಾರು 75 ಕಿಲೋಪಾಸ್ಕಲ್ ಒತ್ತಡವನ್ನು ಇಟ್ಟುಕೊಂಡರೆ ವ್ಯತ್ಯಾಸ 56 ಕಿಲೋಪಾಸ್ಕಲ್. ಒಂದು ಚದರ ಮೀಟರಿಗೆ ಇದು ಐದೂವರೆ ಟನ್ನಿಗೂ ಮೀರಿದ ಬಲ. ಮೂವತ್ತು ಸೆಂಟಿಮೀಟರ್ ಅಗಲ, ನಲವತ್ತು ಸೆಂಟಿಮೀಟರ್ ಎತ್ತರದ ಒಂದೇ ಒಂದು ಕಿಟಕಿಯನ್ನು ಸುಮಾರು 680 ಕಿಲೋ ಬಲ ಹೊರಕ್ಕೆ ತಳ್ಳುತ್ತಿರುತ್ತದೆ. ಅಂಗಡಿಯ ಐವತ್ತು ಕಿಲೋದ ಹದಿಮೂರಕ್ಕೂ ಹೆಚ್ಚು ಅಕ್ಕಿ ಮೂಟೆಗಳನ್ನು ಒಂದರ ಮೇಲೊಂದು ಆ ಗಾಜಿನ ಮೇಲೆ ಪೇರಿಸಿದಂತೆ. ಮಕ್ಕಳು ಅದಕ್ಕೂ ಮೊದಲು ವಿಶಾಲವಾದ ಚೌಕ ಕಿಟಕಿಗಳನ್ನು ಬರೆದಿದ್ದರು. ಈ ಲೆಕ್ಕವಾದ ಮೇಲೆ ಅವರಾಗಿಯೇ ಅವುಗಳನ್ನು ಚಿಕ್ಕದಾಗಿಸಿ, ಮೂಲೆಗಳನ್ನು ದುಂಡಗೆ ಮಾಡಿದರು. 1954ರ ಜನವರಿಯಲ್ಲಿಯೂ ಏಪ್ರಿಲ್‌ನಲ್ಲಿಯೂ ಬ್ರಿಟನ್ನಿನ ಕಾಮೆಟ್ ಎಂಬ ಪ್ರಯಾಣಿಕ ಜೆಟ್‌ಗಳೆರಡು ಇಟಲಿಯ ಬಳಿಯ ಸಮುದ್ರದ ಮೇಲೆ ಒಡೆದುಹೋದುದಕ್ಕೆ, ಒತ್ತಡ ಮತ್ತೆ ಮತ್ತೆ ಏರಿ ಇಳಿದು ಒಡಲಿನ ಕಿಂಡಿಗಳ ಮೂಲೆಯಲ್ಲಿ ಹುಟ್ಟಿದ ಬಿರುಕೇ ಕಾರಣವೆಂದು ತನಿಖೆಯಿಂದ ತಿಳಿದುಬಂದಿತ್ತು. ಐದು ವರ್ಷಗಳ ಅನಂತರ ಪುಟ್ಟ ಜೆಟ್ಟೊಂದನ್ನು ಯೋಜಿಸುತ್ತಿದ್ದ ಎಂಜಿನಿಯರುಗಳಿಗೆ ಆ ಘಟನೆ ಮನಸ್ಸಿನಲ್ಲಿ ಹಸಿಯಾಗಿಯೇ ಇದ್ದಿರಬೇಕು.

ಈ ಬಲವನ್ನು ತಡೆಯಲು ಗಟ್ಟಿ ಚೌಕಟ್ಟು ಬೇಕು, ಗಟ್ಟಿ ಚೌಕಟ್ಟೆಂದರೆ ತೂಕ. ಟಿ-37ರ ಬಿ ಮಾದರಿಯ ಎರಡು ಎಂಜಿನ್‌ಗಳು ಸೇರಿ 2,050 ಪೌಂಡ್ ತಳ್ಳುಬಲ ಕೊಡುತ್ತಿದ್ದವು. ತುಂಬಿದ ವಿಮಾನದ ತೂಕ ಸುಮಾರು 6,600 ಪೌಂಡ್. ತಳ್ಳುಬಲವನ್ನು ತೂಕದಿಂದ ಭಾಗಿಸಿದರೆ 0.31 ಬರುತ್ತದೆ. ಅವೇ ಎಂಜಿನ್‌ಗಳನ್ನು ಇಟ್ಟುಕೊಂಡು, ಹೆಚ್ಚಿನ ಇಬ್ಬರಿಗೂ ಅವರ ಸಾಮಾನಿಗೂ ಇನ್ನೂರು ಕಿಲೋ, ಒತ್ತಡದ ಕೋಣೆಗೆ ಇನ್ನೂರು ಕಿಲೋ ಎಂದು ನಾವು ಊಹಿಸಿ ಸೇರಿಸಿದಾಗ ಅದು 0.27ಕ್ಕೆ ಇಳಿಯಿತು. ಲಿಯರ್‌ಜೆಟ್ 23ರಲ್ಲಿ ಇದೇ ಪ್ರಮಾಣ 0.45ರ ಮೇಲಿದೆ. ನೆಲ ಬಿಟ್ಟ ಕೂಡಲೇ ಒಂದು ಎಂಜಿನ್ ನಿಂತರೆ 0.27ರ ಅರ್ಧ ಮಾತ್ರ ಉಳಿಯುತ್ತದೆ. ಗಾಳಿ ಬಿಸಿಯಾದಷ್ಟೂ ಎಂಜಿನ್ನಿನ ಬಲ ಇನ್ನೂ ಕುಗ್ಗುತ್ತದೆ. ಮಂಗಳೂರಿನ ಬಜಪೆಯ ವಿಮಾನ ನಿಲ್ದಾಣವನ್ನು ಕಂಡಿರುವ ನಮ್ಮ ಮಕ್ಕಳಿಗೆ, ಗುಡ್ಡದ ತಲೆ ಸವರಿ ಮಾಡಿದ ಅಂಥ ರನ್‌ವೇಯ ತುದಿಯಿಂದ ಮೇ ತಿಂಗಳ ಮಧ್ಯಾಹ್ನ ಒಂದೇ ಎಂಜಿನ್ನಿನಲ್ಲಿ ಏರುವುದೆಂದರೆ ಏನೆಂದು ವಿವರಿಸಬೇಕಾಗಲಿಲ್ಲ.

ಕೊಳ್ಳುವವರು ಮುಂದೆ ಬರದೆ ಇದ್ದಾಗ ಸೆಸ್ನಾ ಅಲ್ಲಿಗೇ ನಿಲ್ಲಿಸಿದ್ದು ವಿವೇಕದ ತೀರ್ಮಾನ ಎಂಬ ಅಭಿಪ್ರಾಯ ನನಗೆ ಈ ಲೆಕ್ಕಗಳ ನಡುವೆಯೇ ಬಲವಾಯಿತು. ಅದೇ ಮಾರ್ಬೊರೆ ಕುಲದ ಎಂಜಿನ್‌ಗಳಿದ್ದ, ನಾಲ್ಕೇ ಆಸನಗಳ ಫ್ರೆಂಚ್ ವಿಮಾನ ಎಂಎಸ್ 760 ಪ್ಯಾರಿಸ್ ಆಗಲೇ ಹಾರಾಡುತ್ತಿತ್ತು. ಅಮೆರಿಕದಲ್ಲಿ ಅದನ್ನು ಮಾರಲು ಬೀಚ್‌ಕ್ರಾಫ್ಟ್ ಕಂಪನಿ ಪ್ರಯತ್ನಿಸಿದರೂ ಅಲ್ಲಿನ ವ್ಯಾಪಾರಿಗಳು ಅದಕ್ಕೆ ಮುಗಿಬೀಳಲಿಲ್ಲ. ಹತ್ತು ವರ್ಷ ಕಾದುದರ ಫಲವಾಗಿ ಸೆಸ್ನಾಗೆ ಪ್ರಾಟ್ ಆಂಡ್ ವಿಟ್ನಿ ಕೆನಡಾದ ಜೆಟಿ15ಡಿ ಎಂಬ ಟರ್ಬೊಫ್ಯಾನ್ (ಮುಂದೆ ದೊಡ್ಡ ಬೀಸಣಿಗೆಯುಳ್ಳ ಜೆಟ್) ಎಂಜಿನ್ ಸಿಕ್ಕಿತು. ಅಷ್ಟೇ ತಳ್ಳುಬಲಕ್ಕೆ ಜೆ69 ಹೆಚ್ಚು ಕಡಿಮೆ ಅದರ ಇಮ್ಮಡಿ ಇಂಧನ ಕುಡಿಯುತ್ತಿತ್ತು, ಸದ್ದಿನಲ್ಲಂತೂ ಹೋಲಿಕೆಯೇ ಇಲ್ಲ. ಆ ಎಂಜಿನ್‌ಗಳನ್ನು ಹಿಂಭಾಗದಲ್ಲಿ ಹೊತ್ತ ಸೆಸ್ನಾದ ಸೈಟೇಶನ್ ಜೆಟ್ 1969ರ ಸೆಪ್ಟೆಂಬರ್ 15ರಂದು ಹಾರಿ, 1971ರಲ್ಲಿ ಹಾರಾಟದ ಪ್ರಮಾಣಪತ್ರ ಪಡೆಯಿತು. ಅದರ ಸಂತತಿ ಇಂದಿಗೂ ತಯಾರಾಗುತ್ತಿದೆ. ಮರದ ಪ್ರತಿಕೃತಿಗೆ ಖರ್ಚಾದ ಹಣ ವ್ಯರ್ಥವಾಯಿತೆಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಗಿರಾಕಿಯನ್ನು ಕೂರಿಸಿ, ತಲೆ ತಾಗುತ್ತದೆಯೇ, ಕಾಲು ಚಾಚಲಾಗುತ್ತದೆಯೇ ಎಂದು ಕೇಳಲು ಮರಕ್ಕಿಂತ ಅಗ್ಗದ ಉಪಾಯ ಆ ಕಾಲದಲ್ಲಿ ಇರಲಿಲ್ಲ.

ಒಡಲಿಗೆ ಕಚ್ಚು ಹಾಕಿ ರೆಕ್ಕೆಯನ್ನು ಕೂರಿಸಿದ ಮೇಲೆ ಮೂಗಿನೊಳಗೆ ಕೊರೆದ ತೂತಿಗೆ ಸೀಸದ ಗುಂಡುಗಳನ್ನು ಹಾಕುತ್ತ, ರೆಕ್ಕೆಯ ಕಾಲು ಭಾಗದ ಗೆರೆಗೆ ಕಟ್ಟಿದ ದಾರದಿಂದ ತೂಗಿಬಿಟ್ಟು, ಅಡ್ಡಕ್ಕೆ ನೇರವಾಗಿ ನಿಲ್ಲುವವರೆಗೆ ಸರಿಪಡಿಸಿದೆವು. ಸ್ಥಿರ ಮಾದರಿಗೆ ಇದು ಅಗತ್ಯವಿರಲಿಲ್ಲ; ಆದರೆ ಕಾಗದದ ಮೇಲೆ ಗುರುತಿಸಿದ ಕೇಂದ್ರವು ಮರದಲ್ಲಿಯೂ ಅದೇ ಜಾಗದಲ್ಲಿ ಇರಬೇಕೆಂದು ಮಕ್ಕಳೇ ಹಟ ಹಿಡಿದರು. ಪುಟ್ಟಿ, ಪ್ರೈಮರ್, ಬಿಳಿ ಬಣ್ಣ ಇವೆಲ್ಲ ಬೇಗ ಮುಗಿದವು.

ಮೇಳದಲ್ಲಿ ಮಾದರಿಯ ಪಕ್ಕ ನಕ್ಷೆಯನ್ನೂ ಕಾರಣಗಳ ಪುಸ್ತಕವನ್ನೂ ಇಟ್ಟಿದ್ದೆವು. ತೀರ್ಪುಗಾರರಲ್ಲಿ ಒಬ್ಬರು ಮಲಯಾಳದಲ್ಲಿ, ಇನ್ನೊಬ್ಬರು ಕನ್ನಡದಲ್ಲಿ ಪ್ರಶ್ನೆ ಕೇಳಿದರು. ಮಕ್ಕಳು ಎರಡರಲ್ಲಿಯೂ ತಡವರಿಸದೆ ಉತ್ತರಿಸಿದರು. ಹಿಂದಿನ ಕಿಟಕಿ ಇಷ್ಟೇ ದೊಡ್ಡದೆಂದು ನಿಮಗೆ ಹೇಗೆ ಗೊತ್ತು ಎಂದು ಅವರಲ್ಲೊಬ್ಬರು ಕೇಳಿದಾಗ ಹುಡುಗಿಯು, “ಗೊತ್ತಿಲ್ಲ ಸರ್, ಅದು ಕೆಂಪು ಗೆರೆ” ಎಂದು ಹೇಳಿ, ಪುಸ್ತಕದ ಆ ಪುಟವನ್ನು ತೆರೆದು 680 ಕಿಲೋದ ಲೆಕ್ಕವನ್ನು ಮೊದಲಿನಿಂದ ಮಾಡಿ ತೋರಿಸಿದಳು. ಅವರು ಸಾಲಿನ ಉಳಿದ ಮೇಜುಗಳನ್ನು ಮರೆತವರಂತೆ ನಿಂತು ಕೇಳಿದರು. ಹೊರಡುವ ಮುನ್ನ, ಕೈಬಿಟ್ಟ ವಿನ್ಯಾಸದ ಪಕ್ಕದಲ್ಲಿ ಅದರ ಅನಂತರ ಬಂದ ವಿಮಾನವೂ ಇದ್ದರೆ ನೋಡುವವರಿಗೆ ವ್ಯತ್ಯಾಸ ಒಮ್ಮೆಗೇ ಕಾಣುತ್ತದೆಂದು ಸಲಹೆ ಕೊಟ್ಟರು.

ಆ ಸಲಹೆ ನಮಗೆ ಹಿಡಿಸಿತು. ಮೊದಲ ಸೈಟೇಶನ್‌ನ ಉದ್ದ ಹದಿಮೂರು ಮೀಟರಿಗಿಂತ ತುಸು ಹೆಚ್ಚಾದ್ದರಿಂದ ಅದೇ ಪ್ರಮಾಣದ ಮಾದರಿಗೆ ಅರವತ್ತಾರು ಸೆಂಟಿಮೀಟರಿನಷ್ಟು ಉದ್ದದ ತುಂಡು ಬೇಕು. ಆಚಾರಿಯವರು ಹಾಲೆಯ ಹಲಗೆಯೊಂದನ್ನು ಅಟ್ಟಕ್ಕೆ ಏರಿಸಿದ್ದಾರೆ. ಈ ಬಾರಿ ಎಂಟನೆಯ ತರಗತಿಯ ಇಬ್ಬರನ್ನೂ ಸೇರಿಸಿಕೊಂಡಿದ್ದೇವೆ. ಅವರಿಗೆ ಸನ್ನೆಗೋಲಿನ ಲೆಕ್ಕವನ್ನು ಕಲಿಸುವ ಕೆಲಸವನ್ನು ಹಳೆಯ ಇಬ್ಬರಿಗೆ ವಹಿಸಲಾಗಿದೆ.